ಎಡಗಡೆಯ ಸೀಟು

ಮೊನ್ನೆ ಕೆ.ಆರ್. ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಗ್ಯಾರೇಜಿನಿಂದ ಹಳೆಯ ಗ್ರೀಸಿನ ವಾಸನೆ ಬಂತು. ಹೊಸ ಗ್ರೀಸಿಗೆ ಆ ವಾಸನೆ ಇರುವುದಿಲ್ಲ. ವರ್ಷಗಟ್ಟಲೆ ಧೂಳು, ನೀರು, ತುಕ್ಕು ಕುಡಿದು ಕಪ್ಪಗೆ ಗಟ್ಟಿಯಾದದ್ದನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ಮಾತ್ರ ಅದು ಏಳುತ್ತದೆ. ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬಸ್ಸು ಬಂದರೂ ಹತ್ತದೆ ನಿಂತುಬಿಟ್ಟೆ. ನೀವು ಬೆಳೆದ ಮನೆಯ ವಾಸನೆ ಯಾವುದೋ ನನಗೆ ಗೊತ್ತಿಲ್ಲ. ಹುರಿದ ಕಾಫಿಯದೋ, ಒಣಹುಲ್ಲಿನದೋ ಇದ್ದೀತು. ನನ್ನದು ಇದು, ಏನು ಮಾಡಲಿ.

ನಮ್ಮ ಮನೆ ಪಾಂಡವಪುರದಿಂದ ಚಿನಕುರಳಿಗೆ ಹೋಗುವ ರಸ್ತೆಯ ಮಗ್ಗುಲಿಗಿತ್ತು. ಮುಂದೆ ತಾತನ ಕುಲುಮೆ, ಹಿಂದೆ ನಾವು. ತಾತ ಕುಡುಗೋಲು, ನೇಗಿಲ ಗುಳ ತಟ್ಟುತ್ತಾ ಬೆಳೆದವನು. ಕಲ್ಲು ಕ್ವಾರಿಗಳು ಬಂದ ಮೇಲೆ ಕಲ್ಲಿನವರ ಉಳಿಗಳನ್ನು ಹರಿತ ಮಾಡಿಕೊಟ್ಟ. ಉಳಿಗಳ ಹಿಂದೆಯೇ ಗಾಡಿಗಳೂ ಬಂದವು. ಯಾರ ಹತ್ತಿರವೂ ಕಲಿಯದೆ, ಬಿಚ್ಚಿ ಬಿಚ್ಚಿಯೇ ಮೆಕ್ಯಾನಿಕ್ ಆದ. ಅಪ್ಪ ಮೇಷ್ಟರು, ಗ್ರೀಸು ಕಂಡರೆ ಮಾರುದೂರ. ಹಾಗಾಗಿ ತಾತನ ಹೆಮ್ಮೆಗೆಲ್ಲ ನಾನೊಬ್ಬಳೇ ವಾರಸುದಾರಳು.

ಆ ಕುಲುಮೆಗೆ ಒಂದು ಕಟ್ಟಳೆಯಿತ್ತು. ಚಕ್ರ, ಬ್ರೇಕು, ಸ್ಟೇರಿಂಗು, ಯಾವುದಕ್ಕೆ ಕೈ ಹಾಕಿದರೂ ರಿಪೇರಿಯಾದ ಗಾಡಿಯ ಮೊದಲ ಸವಾರಿಗೆ ನಮ್ಮ ಮನೆಯವರೊಬ್ಬರು ಡ್ರೈವರಿನ ಪಕ್ಕ ಕೂರಬೇಕು. ಮುಂಚೆ ತಾತನೇ ಕೂರುತ್ತಿದ್ದನಂತೆ. ನನಗೆ ಐದು ತುಂಬಿದ ಮೇಲೆ ಆ ಎಡಗಡೆಯ ಸೀಟು ನನ್ನದಾಯಿತು. "ಗ್ಯಾರಂಟಿಗೆ ಕಾಗ್ದ ಪತ್ರ ಯಾಕ್ರಪ್ಪ, ನನ್ ಮೊಮ್ಮಗ್ಳೇ ಕೂರ್ತಾಳೆ" ಎಂದು ತಾತ ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸುತ್ತಿದ್ದ. ಅಜ್ಜಿ ಒಳಗಿನಿಂದ ಶಾಪ ಹಾಕುತ್ತಿದ್ದಳು. ಡ್ರೈವರುಗಳು ನನ್ನ ಮುಖ ನೋಡಿ ನಿಶ್ಚಿಂತೆಯಿಂದ ಗೇರು ಹಾಕುತ್ತಿದ್ದರು. ಕ್ವಾರಿಯ ತನಕ ಹೋಗಿ ಬರುವುದಷ್ಟೇ ಸವಾರಿ. ಆದರೂ ಮಹಾರಾಣಿಗೂ ಅಷ್ಟು ಗತ್ತು ಇದ್ದಿರಲಾರದು.

ಆ ಡ್ರೈವರುಗಳಲ್ಲೊಬ್ಬ ಅನ್ವರ್ ಮಾಮ. ಅವನು ಓಡಿಸುತ್ತಿದ್ದದ್ದು ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಲಾರಿ. ನಾಲ್ಕು ಚಕ್ರವೂ ಎಳೆಯುವಂಥದ್ದು, ಕ್ವಾರಿಯ ಗುಂಡಿಯಿಂದ ಕಲ್ಲು ಹೊತ್ತು ಮೇಲೆ ಬರಲು ಅದಕ್ಕೇ ಸಾಧ್ಯ. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ ಅದು ಮುಂದಿನ ಎಡಗಾಲು ಎಳೆಯುತ್ತಾ ಬಂತು. ತಾತ ಜಾಕ್ ಕೊಟ್ಟು, ಟೈರಿನಡಿ ಹಾರೆ ಇಟ್ಟು ಮೀಟಿದ. ಚಕ್ರವೇ ಲೊಟಲೊಟ ಅಲ್ಲಾಡಿತು. "ಬಾಲ್ ಜಾಯಿಂಟ್ ಓಗ್ಬುಟ್ಟದೆ" ಎಂದ. ಚಕ್ರ ಆ ಕಡೆ ಈ ಕಡೆ ತಿರುಗುವ ಕಬ್ಬಿಣದ ಗೆಣ್ಣಿನಲ್ಲಿ ಮೇಲೊಂದು ಕೆಳಗೊಂದು ಗುಂಡು ಇರುತ್ತವೆ, ನಮ್ಮ ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಕೂತ ಹಾಗೆ. ಕೆಳಗಿನದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಲೋಡಿದ್ದು ಇಳಿಜಾರಾದರೆ ಆಮೇಲೆ ಹೇಳುವುದಕ್ಕೇನೂ ಇರುವುದಿಲ್ಲ.

ಅನ್ವರ್ ಮಾಮ ಕಾಲಿಗೆ ಕೆಂಡ ಮೆತ್ತಿದವನಂತೆ ಅಂಗಳ ತುಳಿಯುತ್ತಿದ್ದ. "ಮದ್ಯಾನ್ದೊಳ್ಗೆ ನಾಗಮಂಗ್ಲಕ್ಕೆ ಕಲ್ ಸೇರ್ದಿದ್ರೆ ಓನರು ಬ್ಯಾರೆ ಡ್ರೈವರ್ ನೋಡ್ಕೋತಾನೆ ಆಚಾರ್ರೇ, ಬೇಗ್ ಮಾಡಿ." ತಾತ ಚಕ್ರ, ಹಬ್ಬು, ಆಕ್ಸೆಲ್ಲು ಎಲ್ಲ ಕಳಚಿ ಹಳೆಯ ಗುಂಡುಗಳನ್ನು ಹೊರಕ್ಕೆ ತಳ್ಳಿದ. ಹೊಸದನ್ನು ಒಳಗೆ ಕೂರಿಸಲು ಸ್ಕ್ರೂ ಪ್ರೆಸ್ಸಿಗೆ ಇಬ್ಬರು ಜೋತುಬೀಳಬೇಕು, ಕಬ್ಬಿಣ ನರಳಬೇಕು. ಮೇಲಿನದು ನರಳಿತು. ಕೆಳಗಿನದು ಸುತ್ತಿಗೆಯ ಎರಡು ಏಟಿಗೇ ಸಲೀಸಾಗಿ ಒಳಗೆ ಹೋಯಿತು. ಗೆಣ್ಣಿನಲ್ಲಿ ಅದು ಕೂರುವ ಮನೆ ಸವೆದು ಅಗಲವಾಗಿತ್ತು. ಗೆಣ್ಣನ್ನೇ ಹೊಸದು ತರಿಸಬೇಕು, ಅಂದರೆ ನಾಲ್ಕು ದಿನ. ತಾತ ತಿರುಗಿ ಅನ್ವರ್ ಮಾಮನನ್ನು ನೋಡಿದ. ಆಮೇಲೆ ಒಳಗೆ ಹೋಗಿ, ಬಿಸ್ಕತ್ತಿನ ಡಬ್ಬದಿಂದ ಒಂದು ಪಟ್ಟಿ ತಗಡು ಕತ್ತರಿಸಿ ತಂದ. ಸಡಿಲವಾದ ಕುಡುಗೋಲಿನ ಹಿಡಿಗೆ ಕೊಡುವಂತೆ ಅದನ್ನು ಗುಂಡಿಗೆ ಸುತ್ತಿ ಬಿಗಿ ಮಾಡಿದ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಅವತ್ತು ಆತುರ ಒಬ್ಬರದು, ಬುದ್ಧಿ ಕೆಟ್ಟದ್ದು ಇನ್ನೊಬ್ಬರದು.

ಲಾರಿ ಅಂಗಳದಿಂದ ರಸ್ತೆಗೆ ಬಂದು ನಿಂತಿತು. ನಾನು ಯಾರನ್ನೂ ಕಾಯದೆ ಹತ್ತಿ ಕೂತಿದ್ದೆ. ತಾತ ಬಂದು ಬಾಗಿಲಿಗೆ ಕೈಯಿಟ್ಟ.

"ಇಳಿ ಕೂಸೆ."

"ಯಾಕ್ ತಾತ?"

"ಇಳಿ ಅಂದ್ರೆ ಇಳೀಬೇಕು. ಸ್ಕೂಲ್ಗೆ ಒತ್ತಾಯ್ತದೆ."

ಅವತ್ತು ಭಾನುವಾರ. ನಾನು ಮುಖ ಊದಿಸಿಕೊಂಡು ಇಳಿದೆ. ತಾತ ತಾನೂ ಹತ್ತಲಿಲ್ಲ, ಬಾಗಿಲನ್ನೂ ಹಾಕಲಿಲ್ಲ, ನೆಲ ನೋಡುತ್ತಾ ನಿಂತ. ಅನ್ವರ್ ಮಾಮನ ಕೈ ಗೇರಿನ ಮೇಲಿತ್ತು. ಅವನು ಖಾಲಿ ಸೀಟನ್ನು ನೋಡಿದ, ನನ್ನನ್ನು ನೋಡಿದ, ತಾತನ ಬಗ್ಗಿದ ತಲೆಯನ್ನು ನೋಡಿದ. ಇಂಜಿನ್ನು ಗಡಗಡ ಎನ್ನುತ್ತಲೇ ಇತ್ತು. ಕೊನೆಗೆ ಅವನು ಕೀಲಿ ತಿರುಗಿಸಿ ಅದನ್ನು ಆರಿಸಿದ. ಕೆಳಗಿಳಿದು ಬಂದು ನಮ್ಮ ಜಗಲಿಯ ಮೇಲೆ ಕೂತ. "ಅಮ್ಮಾ, ಒಸಿ ನೀರ್ ಕೊಡಿ" ಎಂದು ಅಜ್ಜಿಯನ್ನು ಕೂಗಿದ. "ಆತ್ರ ಏನಿಲ್ಲ."

ತಾತ ಜಾಕ್ ತಂದ. ಚಕ್ರ ಮತ್ತೆ ಬಿಚ್ಚಿದಾಗ ತಗಡು ಆಗಲೇ ಕಿತ್ತು ಈಚೆ ಬಂದಿತ್ತು. ಲಾರಿ ಚಲಿಸಿದ್ದು ಇಪ್ಪತ್ತು ಮಾರು. ಅನ್ವರ್ ಮಾಮ ಅದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ತಾತನ ಅಂಗೈಯಲ್ಲಿಟ್ಟ. "ಇದು ಕುಡುಗೋಲ್ಗೆ ಸರಿ ಆಚಾರ್ರೇ" ಎಂದ, ಅಷ್ಟೇ.

ನಾಲ್ಕು ದಿನ ಲಾರಿ ನಮ್ಮ ಅಂಗಳದಲ್ಲಿ ಮರದ ದಿಮ್ಮಿಯ ಮೇಲೆ ನಿಂತಿತ್ತು. ಹೊಸ ಗೆಣ್ಣು ಬಂದು, ಗುಂಡು ನರಳಿಕೊಂಡೇ ಒಳಗೆ ಕೂತಿತು. ಅಷ್ಟರಲ್ಲಿ ಓನರು ಬೇರೆ ಡ್ರೈವರನ್ನು ಹಾಕಿದ್ದ. ಆ ಹೊಸಬನ ಪಕ್ಕ ತಾತನೇ ಹತ್ತಿ ಕೂತ, ನನ್ನನ್ನು ಕರೆಯಲಿಲ್ಲ. ಅದಾದ ಮೇಲೆ ಅವನು ಯಾರ ಚಕ್ರವನ್ನೂ ಮುಟ್ಟಲಿಲ್ಲ. ಸಾಯುವವರೆಗಿನ ಮೂರು ವರ್ಷ ಮತ್ತೆ ಕುಡುಗೋಲು ತಟ್ಟಿದ. ಅನ್ವರ್ ಮಾಮ ಶ್ರೀರಂಗಪಟ್ಟಣಕ್ಕೆ ಹೋಗಿ ಗೂಡ್ಸ್ ಆಟೋ ಇಟ್ಟುಕೊಂಡ ಎಂದು ಸುದ್ದಿ ಬಂತು. ಆಮೇಲೆ ತಾತ ಆ ಊರಿನ ಮದುವೆಗೂ ಹೋಗಲಿಲ್ಲ, ಹೊಳೆ ಸ್ನಾನಕ್ಕೂ ಹೋಗಲಿಲ್ಲ. ಅಜ್ಜಿ ಕೇಳಿದರೆ ಮಂಡಿನೋವು ಎನ್ನುತ್ತಿದ್ದ.

ಅವತ್ತು ನನಗಿದ್ದದ್ದು ಸವಾರಿ ತಪ್ಪಿದ ಸಿಟ್ಟು ಮಾತ್ರ. ನನಗೂ ಮಕ್ಕಳಾದ ಮೇಲೆ ಒಂದು ದಿನ ಸುಮ್ಮನೆ ಅಕ್ಕಿ ಆರಿಸುತ್ತಾ ಕೂತಿದ್ದಾಗ ಹೊಳೆಯಿತು. ತಾತ ಇಳಿಸಿದ್ದು ನನ್ನನ್ನು, ಅನ್ವರ್ ಮಾಮನನ್ನಲ್ಲ. ಅವನಿಗೂ ಮನೆಯಲ್ಲಿ ಮಕ್ಕಳಿದ್ದವು. ಆ ಕ್ಷಣ ತಾತನ ಮೇಲೆ ಬಂದ ಸಿಟ್ಟು ಹೇಳತೀರದು. ಅಷ್ಟು ಪ್ರೀತಿಸಿದವನ ಮೇಲೆ ಸಿಟ್ಟಾದರೆ ಅದನ್ನು ಎಲ್ಲಿ ಇಳಿಸಬೇಕು ಎಂದೇ ಗೊತ್ತಾಗುವುದಿಲ್ಲ. ನಾನು ಹಟ ಮಾಡಿ ಕೂತೇ ಇದ್ದಿದ್ದರೆ ಅವನು ನಿಜ ಹೇಳುತ್ತಿದ್ದನೇ? ಇದನ್ನು ಯಾರನ್ನೂ ಕೇಳುವ ಹಾಗಿರಲಿಲ್ಲ.

ಹೋದ ವರ್ಷ ಅನ್ವರ್ ಮಾಮ ತೀರಿಕೊಂಡ. ಮಾತಾಡಿಸಿಕೊಂಡು ಬರಲು ಶ್ರೀರಂಗಪಟ್ಟಣದ ಅವರ ಮನೆಗೆ ಹೋದೆ. ಯಾರೆಂದು ಹೇಳುತ್ತಲೇ ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡರು. "ಆಚಾರ್ರ ಮೊಮ್ಮಗ್ಳಾ ನೀನು ಬೇಟಿ? ನಿಮ್ ತಾತನ್ ಮಾತು ಇವ್ರು ಮಕ್ಳಿಗೆಲ್ಲ ಏಳೋರು. ಆವಯ್ಯ ಬಾಯಲ್ ಏಳಕ್ಕಾಗ್ದೆ, ಮಗೀನ ಇಳ್ಸಿ ಏಳುದ್ರು, ಇಲ್ದಿದ್ರೆ ನಾನ್ ಇರ್ತಿರ್ಲಿಲ್ಲ ಅಂತ." ಅನ್ವರ್ ಮಾಮ ಆ ಊರು ಸೇರಿದಾಗಿನಿಂದಲೂ ಪ್ರತಿ ಹಬ್ಬಕ್ಕೆ ಆಚಾರ್ರನ್ನು ಕರೆಯಬೇಕು ಎನ್ನುತ್ತಿದ್ದನಂತೆ. ಅವರಿಗೆ ಮುಜುಗರವಾದೀತು ಎಂದು ಸುಮ್ಮನಾಗುತ್ತಿದ್ದನಂತೆ.

ಮೂರು ವರ್ಷ ಒಬ್ಬ ಮುಖ ತೋರಿಸಲಾರದೆ ಅಲ್ಲಿ ಕೂತಿದ್ದ, ಇನ್ನೊಬ್ಬ ಕರೆಯಲಾರದೆ ಇಲ್ಲಿ ಕೂತಿದ್ದ. ವಾಪಸ್ಸು ಬರುವಾಗ ಕುಲುಮೆಯಿದ್ದ ಜಾಗಕ್ಕೆ ಹೋಗೋಣವೆನ್ನಿಸಿ ಪಾಂಡವಪುರದ ಬಸ್ಸು ಹತ್ತಿದೆ. ರಸ್ತೆ ಅಗಲ ಮಾಡಿದಾಗ ಮನೆ ಹೋಗಿ ಎಷ್ಟೋ ಕಾಲವಾಯಿತು, ಈಗ ಅಲ್ಲಿ ಬರೀ ಡಾಂಬರು. ಅಷ್ಟು ಬೇಗ ಊರು ಬಂದುಬಿಡುತ್ತದೆ ಎಂದು ನನಗೆ ನೆನಪೇ ಇರಲಿಲ್ಲ. ಅರ್ಧ ಗಂಟೆಯ ದಾರಿ ಅದು.