ಕಪ್ಪು ಕನ್ನಡಕದಲ್ಲಿ ನೋಡಿದ ಎರಡನೇ ಭಾಗ

ಮೊನ್ನೆ ಸ್ಕೂಟರಿನ ಡಿಕ್ಕಿಯಲ್ಲಿ ಇನ್ಶೂರೆನ್ಸ್ ಕಾಗದ ಹುಡುಕುತ್ತಿದ್ದಾಗ ಒಂದು ತ್ರೀಡಿ ಕನ್ನಡಕ ಸಿಕ್ಕಿತು. ಮೈಯೆಲ್ಲ ಗೀರು. ಮೂಗಿಗೆ ಹತ್ತಿರ ತಂದೆ, ಸೀನು ಬಂತು. ಬ್ಯಾಡಗಿ ಮೆಣಸಿನಕಾಯಿಯ ಘಾಟು ಅಷ್ಟು ಸುಲಭಕ್ಕೆ ಯಾರನ್ನೂ ಬಿಡುವುದಿಲ್ಲ. ಥಿಯೇಟರಿನವರಿಗೆ ವಾಪಸ್ ಕೊಡದೆ ತಂದ ಕಳ್ಳಮಾಲು ಇದು. ಅದಕ್ಕೆ ತಕ್ಕ ಶಿಕ್ಷೆಯೂ ನನಗೆ ಆಗಿದೆ, ಕೇಳಿ.

ಕನ್ನಡಕ ಮೊದಲನೇ ಭಾಗದ್ದು. ಇಂಥ ಪಿಚ್ಚರನ್ನು ನೀವೂ ನೋಡಿರುತ್ತೀರಿ. ಲೋಕವೆಲ್ಲ ಹಾಳಾಗಿ ಒಂದೇ ಊರು ಉಳಿದಿರುತ್ತದೆ, ಅದರ ಸುತ್ತ ಮುಗಿಲೆತ್ತರದ ಗೋಡೆ. ವಯಸ್ಸಿಗೆ ಬಂದ ಹುಡುಗ ಹುಡುಗಿಯರು ಯಾವ ಕೆಲಸ ಮಾಡಬೇಕು, ಯಾರನ್ನು ಕಟ್ಟಿಕೊಳ್ಳಬೇಕು ಎಂದು ಹಿರಿಯರ ಮಂಡಳಿ ಹೇಳುತ್ತದೆ. “ಇದಕ್ಯಾಕ ಮುಂದಿನ ಕಾಲದ ಕಥಿ ಅಂತಾರೋ ತಮ್ಮಾ?” ಎಂದು ಶೈಲಕ್ಕ ಕೇಳಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ ನಮ್ಮ ಕಾಕಾನ ಮಗಳು ಅವಳು. ಕೊನೆಗೆ ನಾಯಕಿ ಗೋಡೆ ಹತ್ತಿ ಆಚೆ ಹಾರುತ್ತಾಳೆ, ಪರದೆ ಕಪ್ಪಾಗುತ್ತದೆ. ಇಡೀ ಥಿಯೇಟರಿನಲ್ಲಿ ಚಪ್ಪಾಳೆ ತಟ್ಟಿದವಳು ಶೈಲಕ್ಕ ಒಬ್ಬಳೇ. ಅದಾದ ಮೇಲೆ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವಾಗೆಲ್ಲ ಅದೇ ಕಥೆ, ಅದೇ ಗೋಡೆ.

ಎರಡನೇ ಭಾಗ ಬರುವ ಹೊತ್ತಿಗೆ ಅವಳಿಗೆ ಹಾವೇರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಹಲಗೇರಿಯಿಂದ ಒಂದು ಸಂಬಂಧವೂ ಬಂದಿತ್ತು. ಹುಡುಗನ ಹೆಸರು ಮಂಜುನಾಥ. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕಾಯಂ ನೌಕರಿ, ಊರಲ್ಲಿ ಹೊಲ, ಚಟ ಅಂದರೆ ಚಹಾ. ಬೇಡ ಅನ್ನೋಣವೆಂದರೆ ಕಾರಣವೇ ಸಿಗದಂಥ ವರ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಾತು ಪಕ್ಕಾ ಆಗುವ ಮೊದಲು ಹುಡುಗ ಹುಡುಗಿ ಒಂದು ಪಿಚ್ಚರ್ ನೋಡಬಹುದು, ಆದರೆ ನಡುವಿನ ಸೀಟಿನಲ್ಲಿ ಹುಡುಗಿಯ ತಮ್ಮ ಕೂಡಬೇಕು. ನೋಡಿ ಬಂದು ಸಂಜೆ ಹೂಂ ಅಥವಾ ಊಹೂಂ ಹೇಳಬೇಕು. ಹಾಗೆ ರಾಣೇಬೆನ್ನೂರಿನ ಥಿಯೇಟರಿನಲ್ಲಿ ನಾನು ನಡುಗೋಡೆಯಾದೆ. ಪಿಚ್ಚರ್ ಆರಿಸಿದವಳು ಶೈಲಕ್ಕ.

ಹಿಂದಿನ ರಾತ್ರಿ ಕಾಕಾನ ಅಂಗಡಿಯ ಚೀಲಗಳ ಮೇಲೆ ಒಣಹಾಕಿದ್ದ ಅಂಗಿಯನ್ನೇ ತೊಟ್ಟು ಬಂದಿದ್ದೆ. ಪರದೆಯ ಮೇಲೆ ಜನ ವಿಷದ ಗಾಳಿಗೆ ಮುಖವಾಡ ಹಾಕಿಕೊಳ್ಳುತ್ತಿದ್ದರೆ ನಮ್ಮ ಸಾಲಿನವರೆಲ್ಲ ನನ್ನ ಅಂಗಿಗೆ ಸೀನುತ್ತಿದ್ದರು. ನಾನಂತೂ ಜಾಣತನ ಮಾಡಿ ಹಳೆಯ ತ್ರೀಡಿ ಕನ್ನಡಕ ಏರಿಸಿ ಕುಳಿತಿದ್ದೆ. ಎಲ್ಲ ಕತ್ತಲೋ ಕತ್ತಲು. ಲೋಕ ಹಾಳಾದರೆ ಬಲ್ಬೂ ಹಾಳಾಗಬೇಕೇ ಎಂದು ಇಂಟರ್ವಲ್ಲಿನವರೆಗೆ ಡೈರೆಕ್ಟರನ್ನು ಬೈದೆ.

ದೀಪ ಹತ್ತಿದಾಗ ಮಂಜುನಾಥ ಮೆಲ್ಲಗೆ, “ತಮ್ಮಾ, ಇದು ತ್ರೀಡಿ ಅಲ್ಲ,” ಅಂದ.

ನಾನು ಕನ್ನಡಕ ತೆಗೆಯುವಷ್ಟರಲ್ಲಿ ಶೈಲಕ್ಕ ನನ್ನ ತೊಡೆಯ ಮೇಲಿಂದಲೇ ಅವನಿಗೆ ಸಮೋಸಾ ದಾಟಿಸುತ್ತ ಕೇಳಿದಳು. “ಹಾವೇರಿ ಸೀಟಿನ ವಿಷಯ ಅಪ್ಪಾರು ಹೇಳ್ಯಾರೇನ್ರಿ?”

“ಹೇಳ್ಯಾರ್ರಿ. ಮದುವಿ ಆದಮ್ಯಾಲೂ ಓದಬಹುದಲ್ರಿ. ನಮ್ಮನ್ಯಾಗ ಯಾರೂ ಬ್ಯಾಡ ಅನ್ನಂಗಿಲ್ಲ.”

ನಡುವೆ ಕುಳಿತವನಿಗೆ ಇಬ್ಬರ ಮುಖವೂ ಕಾಣುತ್ತದೆ. ಅವನ ಮುಖದಲ್ಲಿ ಸುಳ್ಳು ಇರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ.

ಕನ್ನಡಕ ತೆಗೆದ ಮೇಲೆ ಪಿಚ್ಚರ್ ಸ್ಪಷ್ಟ ಕಂಡಿತು, ಕಾಣದಿದ್ದರೇ ಚೆನ್ನಾಗಿತ್ತು. ಗೋಡೆ ಹಾರಿದ್ದ ಹುಡುಗಿ ಮರಳಿನಲ್ಲಿ ಅಲೆದಳು, ಬಂಡೆಗಳ ಮೇಲೆ ಕೂತು ಕೂತು ಮಾತಾಡಿದಳು. ಕೊನೆಗೆ ತಾನೇ ನಡೆದು ಬಂದು ಊರಬಾಗಿಲು ಬಡಿದು ಹಿರಿಯರಿಗೆ ತಲೆಬಾಗಿದಳು. ಬಾಗಿಲು ಮುಚ್ಚುವ ಮೊದಲು ಗೆಳತಿಯ ಕಿವಿಯಲ್ಲಿ, ಒಳಗಿದ್ದೇ ಈ ಗೋಡೆ ಕೆಡವುತ್ತೇನೆ, ಅಂದಳು. ಆಮೇಲೆ, ಮೂರನೇ ಭಾಗ ಶೀಘ್ರದಲ್ಲಿ, ಎಂಬ ಅಕ್ಷರ. ಹಿಂದಿನ ಸಾಲಿನಿಂದ ಸಿಳ್ಳು ಬಂತು, ಮೆಚ್ಚಿ ಹೊಡೆದದ್ದಲ್ಲ.

“ಮೂರನೇದಕ್ಕ ಮತ್ತ ಜನಾ ಕರಸಾಕ ಹೂಡಿದ ಆಟ ಇದು,” ಅಂದೆ ಹೊರಗೆ ಬಂದು. “ಹಾರಿ ಹೋದಾಕಿ ತಾನ ಬಂದು ಒಳಗ ಕುಂತ್ಲಲ್ಲ, ಥೂ.”

“ಲೇ ಹುಚ್ಚಪ್ಪಾ, ಹೊರಗ ನಿಂತು ದೂಡಿದ್ರ ಗೋಡಿ ಬೀಳತೈತೇನು? ಆಕಿ ಒಳಗಿದ್ದ ಕೆಡವ್ತಾಳ, ನೋಡ್ತಿರು,” ಅಂದಳು ಶೈಲಕ್ಕ.

ಇಬ್ಬರೂ ಮಂಜುನಾಥನ ಕಡೆ ನೋಡಿದೆವು. ಅವನು ಸ್ವಲ್ಪ ಯೋಚಿಸಿ, “ನನಗ ಏಸಿ ಚಲೋ ಅನಿಸ್ತ್ರಿ,” ಅಂದ. ಶೈಲಕ್ಕ ನಕ್ಕುಬಿಟ್ಟಳು.

ಸಂಜೆ ಅಂಗಳದಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಚಿಗವ್ವ, ಅಂದರೆ ಶೈಲಕ್ಕನ ಅವ್ವ, “ಏನಂತೀ?” ಎಂದು ಕೇಳಿದಳು. ಶೈಲಕ್ಕ ತೊಟ್ಟು ಮುರಿಯುತ್ತಲೇ, “ಹೂಂ ಅನ್ರಿ. ಆದ್ರ ಓದು ಬಿಡಂಗಿಲ್ಲ,” ಅಂದಳು. ಬಿಡು ಅಂದವರು ಯಾರು ಎಂದು ಎಲ್ಲರೂ ನಕ್ಕರು. ಅವಳು ಯಾರ ಪರವಾಗಿ ವಾದಿಸಿದ್ದಳೆಂದು ನನ್ನಂಥ ಮಂಕನಿಗೂ ಆಗ ಹೊಳೆಯಿತು.

ಮದುವೆಯಾದ ವರ್ಷ ಅತ್ತೆಯ ಮೊಣಕಾಲು ಹಿಡಿಯಿತು. ಹೇಗಿದ್ದರೂ ನರ್ಸ್ ಆಗುವವಳಲ್ಲವೇ ಎಂದು ಆರೈಕೆ ಇವಳಿಗೇ ಬಂತು. ಆಮೇಲೆ ಬಸುರು, ಬಾಣಂತನ. ಸೀಟು ಇನ್ನು ಕಾಯುವುದಿಲ್ಲ ಎಂದು ಕಾಲೇಜಿನವರು ಹೇಳಿದರು. ಹಲಗೇರಿಯ ಆ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅನ್ನುವ ಅಗತ್ಯವೇ ಬೀಳಲಿಲ್ಲ.

ಕನ್ನಡಕ ಸಿಕ್ಕಿತಲ್ಲ, ಅಕ್ಕನನ್ನು ನಗಿಸೋಣ ಎಂದು ನೆಟ್ಟಗೆ ಹಲಗೇರಿಗೆ ಹೋದೆ. ಹೊಸ್ತಿಲಲ್ಲಿ ಕನ್ನಡಕ ಏರಿಸಿ ಹೀರೋನಂತೆ ಒಳಗೆ ನುಗ್ಗಿದೆ. ಒಳಗೆ ಕತ್ತಲಿತ್ತು, ಬಾಗಿಲ ಚೌಕಟ್ಟು ಹಣೆಗೆ ಬಡಿಯಿತು. ರೊಟ್ಟಿ ಬಡಿಯುತ್ತಿದ್ದವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಒದ್ದೆ ಬಟ್ಟೆ ತಂದು ಹಣೆಗೆ ಒತ್ತಿದಳು. “ಎಷ್ಟ ಬೆರಳ ಕಾಣಾಕತ್ತಾವ, ಹೇಳು,” ಎಂದು ಕಣ್ಣೆದುರು ಬೆರಳು ಹಿಡಿದು, ನನ್ನ ಕಣ್ಣಪಾಪೆ ನೋಡಿದಳು. ಕಲಿಯದೇ ಹೋದವಳ ಕೈ ಅಂತ ಅನಿಸಲಿಲ್ಲ.

“ಅದರ ಮೂರನೇ ಭಾಗ ಬಂತೇನೋ?”

“ಇಲ್ಲಕ್ಕ. ಎರಡನೇದು ಓಡಲಿಲ್ಲಲ್ಲ, ಮುಂದಿಂದು ತಗಿಯಂಗಿಲ್ಲ ಅಂತ ಹೇಳಿಬಿಟ್ಟಾರ.”

ಬಟ್ಟೆ ನನ್ನ ಹಣೆಯ ಮೇಲೆ ಹಾಗೇ ನಿಂತಿತು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು.

“ಹಂಗಾರ ಆಕಿ ಒಳಗ ಉಳದ್ಲು ಅನ್ನು.”

ಅವಳು ಎದ್ದು ಹೋಗಿ ಸೀದ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು, ಕಟ್ಟಿಗೆ ಮುಂದೆ ದೂಡಿದಳು. ಹೊಗೆ ಎದ್ದಿತು. ನಾನು ಹೊರಡಲು ಎದ್ದಾಗ ತಿರುಗಿ ನೋಡದೆ ಕೈ ಚಾಚಿದಳು.

“ಅದನ್ನ ಇಲ್ಲೆ ಇಟ್ಟು ಹೋಗು. ಒಲಿ ಹೊಗಿಗೆ ಆಗತೈತಿ.”

ಕೊಟ್ಟೆ. ಕಪ್ಪು ಕನ್ನಡಕ ಹಾಕಿಕೊಂಡೇ ಅವಳು ಮುಂದಿನ ರೊಟ್ಟಿ ಬಡಿಯತೊಡಗಿದಳು. ನಗುತ್ತಿದ್ದಾಳೋ ಇಲ್ಲವೋ, ನಾನು ನಿಂತಲ್ಲಿಂದ ಗೊತ್ತಾಗಲಿಲ್ಲ.