ಕೀಲಿಕೈ ನಾಗಮ್ಮನ ಸೆರಗಿನಲ್ಲಿತ್ತು

ನಿವೃತ್ತಿಗೆ ಹಿಂದಿನ ಬೇಸಿಗೆಯಲ್ಲಿ ನಾನು ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆ ಒಂದು ಚಾಕಿ ಕೇಂದ್ರದ ಮೇಲ್ವಿಚಾರಕಿಯಾಗಿದ್ದೆ. ರೇಷ್ಮೆ ಮೊಟ್ಟೆ ಒಡೆಸಿ, ಮರಿಹುಳುಗಳನ್ನು ಎರಡು ಜ್ವರ ದಾಟಿಸಿ ರೈತರಿಗೆ ಕೊಡುವ ಜಾಗವದು. ಜ್ವರವೆಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಮಾತ್ರೆ ಗೀತ್ರೆ ಬೇಕಿಲ್ಲ.

ಒಡೆಯಲು ಎರಡು ದಿನವಿರುವಾಗ ಮೊಟ್ಟೆ ನೀಲಿಗಟ್ಟುತ್ತದೆ. ಆಗ ಕಪ್ಪು ಬಟ್ಟೆ ಮುಚ್ಚಿ ಕತ್ತಲಲ್ಲಿಡಬೇಕು. ಮೂರನೆಯ ಬೆಳಿಗ್ಗೆ ಬೆಳಕು ಬಿಟ್ಟರೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ನಡುವೆ ಬೆಳಕು ಬಿದ್ದರೆ ಹಿಂದುಮುಂದಾಗಿ ಒಡೆದು, ಒಂದು ಹುಳು ಜ್ವರಕ್ಕೆ ಕೂತಾಗ ಇನ್ನೊಂದು ಸೊಪ್ಪು ಕೇಳುತ್ತದೆ, ಬೆಳೆ ಕೆಡುತ್ತದೆ. ಕೋಣೆ ಇಪ್ಪತ್ತೈದು ಡಿಗ್ರಿ ಇರಬೇಕು, ತೇವಾಂಶ ಶೇಕಡ ಎಂಬತ್ತು.

ಬಟ್ಟೆ ಮುಚ್ಚಿದ ಮಾರನೆಯ ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕೂಲರ್ ನಿಂತಿತು. ‘ನಾಳಿದ್ದು ಬತ್ತದೆ’ ಎಂದು ಲೈನ್‌ಮನ್ ಹೇಳಿ ಹೋದ. ಆ ಹುಳುಗಳಿಗೆ ಮೊದಲೇ ಹೇಳಿಟ್ಟಿದ್ದ ರೈತ ಹೆಂಗಸು ಜಯಮ್ಮ ಸುದ್ದಿ ತಿಳಿದು ಬಂದು ಬಾಗಿಲಲ್ಲೇ ಕೂತಳು. ಹಿಂದಿನ ಸಲದ ಹುಳು ಹಾಳಾಗಿತ್ತು; ಈ ಸಲವೂ ಕೆಟ್ಟರೆ ಹಿಪ್ಪುನೇರಳೆ ತೋಟವನ್ನೇ ಕೀಳಿಸುತ್ತೇನೆ ಎಂದಿದ್ದ ಅವಳ ಗಂಡ.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊಬೈಲ್ ಟಾರ್ಚು ಹಿಡಿದು ಒಳಗೆ ಹೋಗುವುದು, ಬಟ್ಟೆಯ ಮೂಲೆ ಎತ್ತಿ ನೋಡುವುದು. ಮೂವತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದ ಸಹಾಯಕಿ ನಾಗಮ್ಮ, ನಾನು ಮೂರನೆಯ ಸಲ ಹೊರಟಾಗ ಅಡ್ಡ ನಿಂತಳು.

‘ಕರೆಂಟು ಒಂದೇ ಸಲ ಹೋಯ್ತು ಮೇಡಮ್ಮೋರೆ. ನೀವು ಒಳಕ್ಕೋಯ್ತಿರೋದು ಇದು ಮೂರ್ನೇ ಸಲ.’

‘ಥರ್ಮಾಮೀಟರ್ ನೋಡಬೇಡ್ವೇನೆ?’

‘ನೀವು ನೋಡುದ್ರೆ ತಣ್ಣಗಾಯ್ತದಾ? ಬಾಗ್ಲು ತೆಗ್ದಾಗ್ಲೆಲ್ಲ ಬಿಸಿಗಾಳಿ ನಿಮ್ ಹಿಂದೇನೇ ಬತ್ತದೆ. ಬೆಳಕ ಬ್ಯಾರೆ ಕೈಯಾಗೇ ಹಿಡ್ಕಂಡ್ ಬತ್ತೀರಿ.’

ಬೀಗ ಹಾಕಿ ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಕಚೇರಿಯಲ್ಲಿ ಅಧಿಕಾರ ನನ್ನದು, ಕೀಲಿ ಅವಳದು. ಆಮೇಲೆ ನನಗೂ ಜಯಮ್ಮನಿಗೂ ಕೊಡ ಹೊರಿಸಿದಳು. ಕಿಟಕಿಗಳಿಗೆ ಹೊರಗಿನಿಂದ ಗೋಣಿಚೀಲ ಕಟ್ಟಿ ನೆನೆಸಿದೆವು, ಜಗುಲಿಯ ಮೇಲೆ ಮರಳು ಹರಡಿ ನೀರು ಚಿಮುಕಿಸಿದೆವು. ಸಂಜೆ ಅವಳೊಬ್ಬಳೇ ಒಳಗೆ ಹೋಗಿ, ಟಾರ್ಚಿಲ್ಲದೆ ತಡಕಾಡಿ ಥರ್ಮಾಮೀಟರ್ ಹೊರತಂದಳು. ಇಪ್ಪತ್ತೆಂಟು. ಹೆಚ್ಚೇ, ಆದರೆ ಕೈಮೀರಿರಲಿಲ್ಲ.

ಮರುದಿನ ಬೆಳಿಗ್ಗೆಯೂ ಕರೆಂಟಿಲ್ಲ. ನಾಗಮ್ಮ ಮೂಡಲ ಕಿಟಕಿಯ ಗೋಣಿ ಸರಿಸಿ, ಕಪ್ಪು ಬಟ್ಟೆ ತೆಗೆದಳು. ನಾನು ಎತ್ತಿ ನೋಡಿದ್ದ ಮೂಲೆಯಲ್ಲಿ ಅಂಗೈಯಗಲ ಆಗಲೇ ಒಡೆದು ಹರಿದಾಡುತ್ತಿತ್ತು. ಎರಡು ಗಂಟೆಯೊಳಗೆ ಉಳಿದ ಮೊಟ್ಟೆಹಾಳೆಗಳ ತುಂಬ ಕರಿ ಎಳ್ಳು ಚೆಲ್ಲಿದಂತೆ ಹುಳುಗಳು ಒಟ್ಟಿಗೆ ಎದ್ದವು.

‘ಅಂಗಾರೆ ನಮ್ ತ್ವಾಟ ಉಳ್ಕಂತು’ ಎಂದಳು ಜಯಮ್ಮ, ಮೆಲ್ಲಗೆ.

ನಾಗಮ್ಮ ಆ ಮೂಲೆಯ ಹುಳುಗಳನ್ನು ಬೇರೆ ತಟ್ಟೆಗೆ ಉದುರಿಸಿ ನನ್ನ ಕೈಗಿಟ್ಟಳು. ‘ಇವು ನಿಮ್ಮವು ಕಣಮ್ಮ. ನೀವೇ ಸಾಕ್ಕಳಿ.’

ಸಾಕಿದೆ.

ಕೂಲರಿನ ಕೆಲಸವನ್ನು ನೀರಿಗೂ ಗೋಣಿಗೂ ಒಪ್ಪಿಸಬಹುದೆಂದು ಅಂದು ಕಲಿತೆ. ನನ್ನ ಗಾಬರಿಯನ್ನು ಹೊರಲು ಮಾತ್ರ ನಾಗಮ್ಮನೇ ಬೇಕಾದಳು. ಈಗ ಮಧುಗಿರಿಯ ಮನೆಯಲ್ಲಿ ಇಂಟರ್‌ನೆಟ್ ನಿಂತಾಗ ಮೊಮ್ಮಗಳು ರೂಟರಿನ ಸ್ವಿಚ್ಚನ್ನು ಒತ್ತೊತ್ತಿ ಸಾಯಿಸುತ್ತಾಳೆ. ನಾನು ಅದರ ಮೇಲೊಂದು ಕಪ್ಪು ಬಟ್ಟೆ ಹೊದಿಸಿ, ನಾಗಮ್ಮನನ್ನು ನೆನೆದು, ಪಕ್ಕದಲ್ಲೇ ಕಾವಲು ಕೂರುತ್ತೇನೆ.