ಆರನೆಯ ಸಾಕ್ಷಿ ನೋಡುತ್ತಿದ್ದ ಗೋಡೆ

ಕೊಲೆಯಾದವನು ಬಟ್ಟೆ ಗಿರಣಿಯ ಯಜಮಾನ, ದೊಡ್ಡ ಮನುಷ್ಯ. ಆದ್ದರಿಂದ ಅವನ ಬಗ್ಗೆ ಪುಸ್ತಕಗಳಿವೆ. ಅವನ ಹೆಂಡತಿ ಚೆಲುವೆ, ಆದ್ದರಿಂದ ಅವಳ ಬಗ್ಗೆಯೂ ಇವೆ. ವಾದಿಸಿದ ವಕೀಲರಿಬ್ಬರೂ ತಮ್ಮ ಬಗ್ಗೆ ತಾವೇ ಬರೆದುಕೊಂಡಿದ್ದಾರೆ. ಅಂಥ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುವ ಜಾಯಮಾನ ಅವರದಲ್ಲ. ಇಷ್ಟೆಲ್ಲ ಪುಸ್ತಕಗಳಲ್ಲಿ ಆರನೆಯ ಸಾಕ್ಷಿಗೆ ಸಿಕ್ಕಿರುವುದು ಒಂದೊಂದು ಸಾಲು. ಯಜಮಾನನ ಮನೆಯ ಹಿಂಬದಿಯ ಗಲ್ಲಿಯಲ್ಲಿದ್ದ ಬಣ್ಣದ ಕಾರ್ಖಾನೆಯ ಹೆಂಗಸೊಬ್ಬಳು, ಕೂಗು ಕೇಳಿ ಹೊರಗೆ ಬಂದಾಗ ಹಸಿರು ಅಂಗಿಯವನು ಓಡಿಹೋಗುವುದನ್ನು ಕಂಡೆ ಎಂದಳು, ಅಷ್ಟೇ. ಆ ಮನೆಯಲ್ಲಿ ಹಸಿರು ಅಂಗಿ ತೊಡುತ್ತಿದ್ದವನು ತೋಟದ ಮಾಲಿ ಒಬ್ಬನೇ. ಅವಳ ಮಾತಿನ ಮೇಲೆ ಅವನು ಜೈಲಿಗೆ ಹೋದ, ಅಲ್ಲೇ ಸತ್ತ.

ಹಳೆಯ ಮೊಕದ್ದಮೆಗಳ ಬಗ್ಗೆ ಬರೆಯುವುದು ನನ್ನ ಹೊಟ್ಟೆಪಾಡು. ಆ ಒಂದು ಸಾಲು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಬ್ಬನ ಬದುಕನ್ನೇ ಮುಗಿಸಿದ ಮಾತು ಆಡಿದವಳು ಯಾರು, ಯಾರ ಮಗಳು, ಆಮೇಲೆ ಏನಾದಳು ಎಂದು ಎಪ್ಪತ್ತು ವರ್ಷಗಳಲ್ಲಿ ಒಬ್ಬ ಪುಣ್ಯಾತ್ಮನಿಗೂ ಕೇಳಬೇಕು ಅನಿಸಲಿಲ್ಲವೇ? ಎಲ್ಲರೂ ನಾಲಿಗೆ ಮಾರಿಕೊಂಡವಳು ಎಂದು ಮೂಗು ಮುರಿದು ಮುಂದಿನ ಪುಟಕ್ಕೆ ಹೋಗಿದ್ದರು. ನಾನು ಹುಡುಕುತ್ತೇನೆ ಎಂದಾಗ, ನನ್ನ ಜೊತೆಗಿರುವ ಅಕ್ಕ ತಲೆ ಎತ್ತದೆ ಹೇಳಿದಳು: “ಊರ ಉಸಾಬರಿ ಎಲ್ಲ ನಿಂಗೇ ಬೇಕು. ಮನೆ ನಲ್ಲಿ ಸೋರ್ತಾ ಇದೆ, ಅದಕ್ಕೆ ಸಾಕ್ಷಿ ಬೇಡ್ವಾ?”

ಕೋರ್ಟಿನ ಮುದ್ರಿತ ವರದಿಯಲ್ಲಿ ಅವಳ ಮಾತು ಹೆಚ್ಚೇನೂ ಇಲ್ಲ. ಕೆಂಪು ತೊಟ್ಟಿಯ ಹತ್ತಿರ ಕೆಲಸ ಮಾಡುತ್ತಿದ್ದೆ, ಕೂಗು ಕೇಳಿ ಓಡಿ ಬಂದೆ, ಹಸಿರು ಅಂಗಿ ಕಂಡೆ. ಮಾಲಿಯ ಪರ ವಕೀಲ ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದ್ದಾನೆ: ಹಸಿರು ಎಂದು ನಿನಗೆ ಯಾರು ಹೇಳಿಕೊಟ್ಟರು? ಕೊನೆಗೆ ಅವಳು ಹೇಳಿದ್ದು ಇದು: “ಹೇಳಿಕೊಟ್ಟರೆ ಅದು ನಾನು ಕಂಡಿದ್ದು ಹೇಗಾಗುತ್ತೆ ಸ್ವಾಮಿ?” ಆ ಮಾತು ನನಗೆ ಹಿಡಿಸಿತು. ಸುಳ್ಳು ಹೇಳುವವರು ಸಾಮಾನ್ಯವಾಗಿ ಇನ್ನೂ ಚೆನ್ನಾಗಿ ಮಾತಾಡುತ್ತಾರೆ.

ಅವಳ ಮಗಳು ಇನ್ನೂ ಇದ್ದಾಳೆ, ಅದೇ ಬಣ್ಣಗಾರರ ಗಲ್ಲಿಯಲ್ಲಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇರುತ್ತಾಳೆ ಎಂದು ತಿಳಿದಾಗ ನನಗೆ ನಂಬಲಾಗಲಿಲ್ಲ. ಜೀವಮಾನವಿಡೀ ದರ್ಜಿಗಳಿಗೆ ಅಂಗಿಯ ಗುಂಡಿ ತೂರುವ ಕಾಜಾ ಹೊಲಿದುಕೊಟ್ಟು ಬದುಕಿದವಳು. ಗಲ್ಲಿಯವರಿಗೆಲ್ಲ ಕಾಜಾ ಅಮ್ಮ. ಬಾಗಿಲು ತೆಗೆದದ್ದು ಸೊಸೆ.

“ಪುಸ್ತಕದೋರಾ? ಹಿಂದೆ ಒಬ್ರು ಬಂದಿದ್ರು. ಟೀ ಕುಡಿದು, ‘ನಿಮ್ಮಮ್ಮಂಗೆ ಎಷ್ಟು ಕೊಟ್ರಂತೆ’ ಅಂತ ಕೇಳಿ, ಅತ್ತೇನ ಅಳಿಸಿ ಹೋದ್ರು. ನೀವು ಟೀ ಮಾತ್ರ ಕುಡೀರಿ.”

ಕಾಜಾ ಅಮ್ಮ ಕಿಟಕಿಯ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಸಣ್ಣ ಮೈ, ಪೊರೆ ತೆಗೆಸಿದ ಮೇಲೆ ಹೊಳೆಯುವ ಕಣ್ಣು. ಮಾತಾಡುವಾಗಲೂ ಅವಳ ಬೆರಳು ಹೊದಿಕೆಯ ಅಂಚಿನಲ್ಲಿ ಇಲ್ಲದ ಕಾಜಾ ಹೊಲಿಯುತ್ತಲೇ ಇತ್ತು. ಅವಳು ನನ್ನನ್ನು ಕೂರಿಸಿಕೊಂಡು ಸೀದಾ ವಿಷಯಕ್ಕೆ ಬಂದಳು.

“ನಂಗೆ ಒಂದೇ ಒಂದು ಬೇಕಪ್ಪಾ. ನಮ್ಮಮ್ಮ ಸುಳ್ಳು ಹೇಳಿದ್ಲಾ, ಇಲ್ವಾ. ಹೌದು ಅಂದ್ರೂ ತಡ್ಕೋತೀನಿ. ಅವಳ ಮೇಲಿನ ಕೋಪ ಇಟ್ಕೊಂಡು ಸಾಯಬೇಕಾ, ಬಿಟ್ಟು ಸಾಯಬೇಕಾ, ಅಷ್ಟು ಗೊತ್ತಾಗಬೇಕು.”

ಟೀ ಕುಡಿದೆ. ಅವಳು ತಾಯಿಯ ಕಥೆ ಹೇಳುತ್ತಾ ಹೋದಳು.

ಆ ಗಲ್ಲಿಯ ಚರಂಡಿ ಆಗ ಒಂದು ದಿನ ನೀಲಿಯಾಗಿ, ಒಂದು ದಿನ ಹಳದಿಯಾಗಿ ಹರಿಯುತ್ತಿತ್ತಂತೆ. ಮಕ್ಕಳು ಕಾಗದದ ದೋಣಿ ಬಿಟ್ಟರೆ ತಿರುವಿನಲ್ಲಿ ಬಣ್ಣ ಬದಲಾಗಿ ಬರುತ್ತಿತ್ತು. ತಾಯಿ ಹುಟ್ಟಿದ್ದೂ ಬಣ್ಣಗಾರರ ಮನೆಯಲ್ಲೇ, ಮೊದಲು ಕಲಿತ ಕೆಲಸವೂ ಅದೇ. ಅವಳದು ಕೆಂಪಿನ ಕೈ. ತೊಟ್ಟಿಯಲ್ಲಿ ಬಟ್ಟೆ ಯಾವಾಗ ಸಾಕು ಎನ್ನುತ್ತದೆ ಎಂಬುದು ಅವಳಿಗೆ ಹಬೆಯ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಮೊಣಕೈವರೆಗೆ ಕೆಂಪು, ಎಷ್ಟು ತೊಳೆದರೂ ಹೋಗದು. ಮಗಳ ಕೆನ್ನೆ ಹಿಂಡಿದರೆ ಅಲ್ಲಿ ಗುಲಾಬಿ ಗುರುತು. ಅದನ್ನು ಒರೆಸಿಕೊಳ್ಳದೆ ಶಾಲೆಗೆ ಹೋಗುತ್ತಿದ್ದೆ ಎನ್ನುವಾಗ ಕಾಜಾ ಅಮ್ಮ ತನ್ನ ಕೆನ್ನೆ ಮುಟ್ಟಿಕೊಂಡಳು. ಕೋಣೆಯ ಬೆಳಕು ಮೆತ್ತಗಿತ್ತು. ಕೆಳಗೆ ಯಾರೋ ಸೈಕಲ್ ಚಕ್ರ ತಿರುಗಿಸುತ್ತಿದ್ದರು; ಆ ಟಿಕಟಿಕ ಸದ್ದು ನಿಧಾನವಾಗುತ್ತಾ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನಾನು ಬರೆದುಕೊಳ್ಳುವುದನ್ನೇ ಮರೆತಿದ್ದೆ.

“ತೀರ್ಪಾದ ಮೇಲೂ ಸ್ವಲ್ಪ ದಿನ ಕೆಲಸಕ್ಕೆ ಹೋದ್ಲು. ಆಮೇಲೆ ಒಂದಿನ ಅರ್ಧದಲ್ಲೇ ಮನೆಗೆ ಬಂದ್ಲು. ಮುಖ ಸುಣ್ಣ ಆಗಿತ್ತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಔಷಧದ ಅಂಗಡಿಯಲ್ಲಿ ಬಾಟಲಿ ತೊಳೆಯೋಕೆ ಸೇರಿದ್ಲು. ಕೆಲಸ ಮುಗಿಸಿ ಹೋಗಿ, ಅವಳನ್ನ ಸಾಕ್ಷಿಗೆ ಕರೆಸಿದ್ದ ದೊಡ್ಡ ವಕೀಲರ ಮನೆ ಮೆಟ್ಟಿಲ ಮೇಲೆ ಕೂತಿರೋಳು. ಒಳಗೆ ಬಿಡ್ತಿರಲಿಲ್ಲ. ಬಾಕಿ ದುಡ್ಡು ಕೇಳೋಕೆ ಹೋಗಿದ್ದಾಳೆ ಅಂತ ಗಲ್ಲಿಯೋರೆಲ್ಲ ಆಡ್ಕೊಂಡ್ರು. ಶಾಲೇಲಿ ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ. ನಾನೂ ಅಮ್ಮನ ಜೊತೆ ಮಾತು ಬಿಟ್ಟೆ. ಊಟಕ್ಕೆ ಹಾಕು, ಬಾಗಿಲು ತೆಗಿ, ಅಷ್ಟೇ ನಮ್ಮ ಮಾತು.”

ಆಮೇಲೆ ಅವಳು ಎದುರಿನ ಗೋಡೆ ತೋರಿಸಿದಳು. ಕೋಣೆಯ ಉಳಿದ ಮೂರು ಗೋಡೆಗಳು ಹೊಗೆ ಹಿಡಿದು ಕಂದಿದ್ದವು. ಅದೊಂದು ಮಾತ್ರ ಹೊಸದಾಗಿ ಸುಣ್ಣ ಬಳಿದಂತೆ ಬೆಳ್ಳಗಿತ್ತು.

“ಇದಕ್ಕೆ ಮಾತ್ರ ಅಮ್ಮ ಸುಣ್ಣ ತಪ್ಪಿಸ್ತಿರಲಿಲ್ಲ. ಮಾಡು ಸೋರಿದ್ರೂ ಸರಿ, ಈ ಗೋಡೆ ಬೆಳ್ಳಗಿರಬೇಕು. ಮಧ್ಯಾಹ್ನ ಬಿಸಿಲು ಇದರ ಮೇಲೆ ಬೀಳುತ್ತೆ. ರಜಾ ದಿನ ಆ ಹೊತ್ತಿಗೆ ಮಡಿಲಲ್ಲಿ ಕೆಂಪು ಬಟ್ಟೆ ಹರಡ್ಕೊಂಡು ಕೂರೋಳು. ಅದನ್ನೇ ನೋಡೋಳು, ನೋಡೋಳು, ತಟ್ಟನೆ ತಲೆ ಎತ್ತಿ ಗೋಡೆ ನೋಡೋಳು. ನನ್ನನ್ನೂ ಕರೆಯೋಳು. ‘ಬಾ ಪುಟ್ಟಿ, ನನ್ನ ಪಕ್ಕ ಕೂತು ಈ ಬಟ್ಟೆ ನೋಡು.’ ನಾನ್ಯಾಕೆ ಕೂರ್ತೀನಿ? ಬಾಗಿಲಲ್ಲೇ ನಿಂತು ಮುಖ ಊದಿಸ್ಕೊಂಡಿರ್ತಿದ್ದೆ. ‘ಗೋಡೆ ಯಾವ ಬಣ್ಣ ಹೇಳು’ ಅನ್ನೋಳು. ‘ಬಿಳಿ, ಇನ್ನೇನು, ನಿನ್ನ ತಲೆ’ ಅಂತಿದ್ದೆ. ‘ಸರಿ’ ಅಂತ ಸುಮ್ಮನಾಗೋಳು. ಸಾಯೋ ವರ್ಷದವರೆಗೂ ಇದೇ.”

“ಯಾಕೆ ಅಂತ ನೀವು ಕೇಳಲಿಲ್ವಾ ಅಮ್ಮಾ?”

“ಕೇಳಿದೆ. ‘ಹೇಳಿಕೊಟ್ರೆ ಕೆಟ್ಟೋಗುತ್ತೆ’ ಅಂದ್ಲು. ತಲೆ ಕೆಟ್ಟಿದೆ ಅಂದ್ಕೊಂಡೆ. ಈಗ ನಾನೇ ಆ ಗೋಡೆಗೆ ಸುಣ್ಣ ಬಳಿಸ್ತೀನಿ, ಯಾಕೋ ಗೊತ್ತಿಲ್ಲ.”

ಸೊಸೆ ಅಡುಗೆಮನೆಯಿಂದ ಇಣುಕಿ, “ನಂಗಂತೂ ಗೊತ್ತಿಲ್ಲಪ್ಪ, ಸುಣ್ಣ ಮೆತ್ತಿದ ನೆಲ ಒರೆಸೋದು ಮಾತ್ರ ನಾನು” ಎಂದಳು.

ಮರುದಿನ ಗಲ್ಲಿಯ ಕೊನೆಯ ಬಣ್ಣದ ಕಾರ್ಖಾನೆಗೆ ಹೋದೆ. ಉಳಿದಿರುವುದು ಅದೊಂದೇ, ಅವಳು ದುಡಿದದ್ದೂ ಅಲ್ಲೇ. ಅದರ ಬಾಗಿಲಿನ ಎದುರಿಗೇ ಗಿರಣಿ ಯಜಮಾನನ ಮನೆಯ ಹಿಂಗೋಡೆ. ಮನೆ ಈಗ ಗೋದಾಮಾಗಿದೆ, ಹಿತ್ತಿಲ ಬಾಗಿಲು ಹಾಗೇ ಇದೆ. ಒಳಗೆ ಹಬೆ ತುಂಬಿತ್ತು. ಮನುಷ್ಯರು ಅದರಲ್ಲಿ ಅರ್ಧ ಕಾಣಿಸಿಕೊಂಡು ಅರ್ಧ ಮರೆಯಾಗುತ್ತಿದ್ದರು. ಮೇಸ್ತ್ರಿ ನನ್ನನ್ನು ಕೆಂಪು ತೊಟ್ಟಿಯ ಬಳಿ ನಿಲ್ಲಿಸಿದ. ಉದ್ದನೆಯ ಕೋಲಿನಲ್ಲಿ ಒಬ್ಬ ಬಟ್ಟೆ ತಿರುವುತ್ತಿದ್ದ. ಬಟ್ಟೆ ಉಬ್ಬಿ ಮೇಲೆ ಬರುತ್ತಿತ್ತು, ಉಸಿರು ಬಿಟ್ಟು ಮುಳುಗುತ್ತಿತ್ತು. ಏನೋ ಕೇಳಬೇಕೆಂದು ಹೋದವನು ಏನನ್ನೂ ಕೇಳದೆ ನೋಡುತ್ತಾ ನಿಂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು. ಕೆಂಪು ಬಿಟ್ಟರೆ ಲೋಕದಲ್ಲಿ ಬೇರೇನೂ ಇಲ್ಲ ಅನ್ನಿಸಿ, ನಿದ್ದೆ ಬಂದಂತಾಯಿತು.

ಹೊರಟಾಗ ಮೇಸ್ತ್ರಿ ಬಾಗಿಲ ಪಕ್ಕ ತೂಗುಹಾಕಿದ್ದ ಬೂದು ಬಟ್ಟೆಯೊಂದನ್ನು ತೋರಿಸಿ, “ಸ್ವಲ್ಪ ಇದನ್ನ ನೋಡಿ ಹೋಗಿ ಸಾರ್” ಎಂದ. ಬೇರೆಯವರ ಅಪ್ಪಣೆಗೆಲ್ಲ ತಲೆ ಬಾಗಿಸುವ ಅಭ್ಯಾಸ ನನಗಿಲ್ಲ. ಸೀದಾ ಹೊರಗೆ ಕಾಲಿಟ್ಟೆ. ಎದುರಿನ ಗೋಡೆಯ ಪಕ್ಕ ಒಬ್ಬ ಅವಸರದಲ್ಲಿ ನಡೆದು ಹೋಗುತ್ತಿದ್ದ. ಅವನ ಅಂಗಿ ಎಳೆ ಹಸಿರು, ಹೊಸ ಚಿಗುರಿನ ಹಾಗೆ. ಕಣ್ಣು ಮಿಟುಕಿಸಿ ಮಿಟುಕಿಸಿ ನೋಡಿದೆ. ತಿರುವಿನ ಹತ್ತಿರ ಹೋಗುವಷ್ಟರಲ್ಲಿ ಆ ಅಂಗಿ ಬೆಳ್ಳಗಾಗಿತ್ತು.

ಹಿಂದೆ ಮೇಸ್ತ್ರಿ ನಗುತ್ತಿದ್ದ. “ಕಂಡಿತಾ? ಅದಕ್ಕೇ ಹೇಳಿದ್ದು. ಕೆಂಪು ನೋಡಿ ದಣಿದ ಕಣ್ಣು ಬಿಳಿಗೆ ಹಸಿರು ಬಳಿಯುತ್ತೆ. ಬೂದು ಬಟ್ಟೆ ನೋಡಿ ಕಣ್ಣು ಆರಿಸ್ಕೊಳ್ಳದೆ ನಾವ್ಯಾರೂ ಬಟ್ಟೆಗೆ ಬಣ್ಣ ಹೊಂದಿಸಲ್ಲ, ಅದು ಅಜ್ಜನ ಕಾಲದ ರೂಢಿ. ಬಟ್ಟೆ ವಿಷಯದಲ್ಲಿ ಅಷ್ಟು ಹುಷಾರು. ಬೀದಿಗೆ ಹೋಗೋವಾಗ ಯಾರಿಗೆ ನೆನಪಿರುತ್ತೆ ಬಿಡಿ.”

ನಾನು ಆ ಗೋಡೆಗೆ ಒರಗಿ ನಿಂತುಕೊಂಡೆ. ಕೂಗು ಕೇಳಿ ಎದ್ದುಬಿದ್ದು ಓಡಿ ಬರುವವಳು ಬೂದು ಬಟ್ಟೆ ನೋಡಿಕೊಂಡು ಬರುತ್ತಾಳೆಯೇ? ಅವಳು ಕಂಡದ್ದನ್ನೇ ಹೇಳಿದ್ದಳು. ಆಮೇಲೊಂದು ದಿನ, ಕೆಂಪು ತೊಟ್ಟಿಯಿಂದ ಹೀಗೇ ಹೊರಗೆ ಬಂದು ಯಾವುದೋ ಬಿಳಿಯನ್ನು ಹಸಿರಾಗಿ ಕಂಡಿರಬೇಕು. ಮುಖ ಸುಣ್ಣವಾಗಿ ಮನೆಗೆ ಹೋದದ್ದು ಆ ದಿನವೇ. ವಕೀಲರ ಮೆಟ್ಟಿಲ ಮೇಲೆ ಕೂತದ್ದು ಅದನ್ನು ಹೇಳಲಿಕ್ಕೆ, ದುಡ್ಡಿಗಲ್ಲ. ಗಿರಣಿ ಯಜಮಾನನ ಮನೆಯಲ್ಲಿ ಬಿಳಿ ಅಂಗಿಯವರು ಬೇಕಾದಷ್ಟಿದ್ದರು. ತಮ್ಮ, ಗುಮಾಸ್ತ, ಬಂದುಹೋಗುವ ಡಾಕ್ಟರು. ಅವರಲ್ಲಿ ಯಾರೋ ಒಬ್ಬ ತಣ್ಣಗೆ ಬದುಕಿ ತಣ್ಣಗೆ ಸತ್ತಿದ್ದಾನೆ. ಮಾಲಿ ಜೈಲಿನಲ್ಲಿ.

ಕಾಜಾ ಅಮ್ಮನಿಗೆ ಹೇಳಿಬಿಡಬೇಕೆಂದು ಅಲ್ಲಿಂದಲೇ ಓಡಿದೆ. ಸೈಕಲ್ ಅಂಗಡಿಯ ಮೆಟ್ಟಿಲು ಅರ್ಧ ಹತ್ತಿದಾಗ ಅವಳ ತಾಯಿಯ ಮಾತು ನೆನಪಾಗಿ ಕಾಲು ನಿಂತಿತು. ಹೇಳಿಕೊಟ್ಟರೆ ಕೆಟ್ಟುಹೋಗುತ್ತದೆ. ಕೋರ್ಟಿನಲ್ಲಿ ಅಷ್ಟು ಸಲ ‘ಯಾರು ಹೇಳಿಕೊಟ್ಟರು’ ಎನ್ನಿಸಿಕೊಂಡವಳು. ಅವಳಿಗೆ ಬೇಕಾಗಿದ್ದದ್ದು ಹೇಳಿಕೊಡದೆ ಕಾಣುವ ಇನ್ನೊಂದು ಜೊತೆ ಕಣ್ಣು. ಅದಕ್ಕಾಗಿ ಬಾಯಿ ಬಿಡದೆ ಅಷ್ಟು ವರ್ಷ ಕಾದಿದ್ದಳು. ನನ್ನ ಬಾಯಿಗೆ ಬೀಗ ಹಾಕುವುದು ಅಕ್ಕನಿಂದಲೂ ಆಗದ ಕೆಲಸ. ಆದರೂ ಹಾಕಿಕೊಂಡೆ.

ಸೊಸೆ ಹಾಲು ತರಲು ಹೊರಗೆ ಹೋಗಿದ್ದಳು. ಬಿಸಿಲು ಆಗಷ್ಟೇ ಗೋಡೆಗೆ ಬಂದಿತ್ತು.

“ಆ ಕೆಂಪು ಬಟ್ಟೆ ಇದೆಯಾ ಅಮ್ಮಾ?”

ಇತ್ತು. ಪೆಟ್ಟಿಗೆಯ ತಳದಲ್ಲಿ, ಅದರಲ್ಲೇ ಹಳೆಯ ಕತ್ತರಿಗಳನ್ನು ಸುತ್ತಿಟ್ಟಿದ್ದರು. ಬಿಚ್ಚಿದರೆ ಒಂದಿಷ್ಟೂ ಮಾಸಿಲ್ಲ. “ಅವಳ ಕೈ ಬಣ್ಣ ಬಿಡಲ್ಲ” ಎಂದಳು ಮಗಳು, ಹೆಮ್ಮೆಯೂ ಕೋಪವೂ ಒಂದೇ ದನಿಯಲ್ಲಿ.

“ಮಡಿಲಲ್ಲಿ ಹರಡ್ಕೊಳ್ಳಿ. ನಿಮ್ಮಮ್ಮ ಕೂರ್ತಿದ್ದ ಹಾಗೇ. ಬಟ್ಟೆ ನೋಡ್ತಾ ಇರಿ.”

“ಯಾಕೆ?”

“ಏನೂ ಕೇಳಬೇಡಿ.”

ಅವಳು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಬಟ್ಟೆಯ ಮೇಲೆ ಬಾಗಿದಳು. ಕ್ಷಣವಾಗಿಲ್ಲ, ತಲೆ ಎತ್ತಿದಳು. “ಗೋಡೆ. ಬಿಳಿ. ಆಯ್ತಾ?” ಮುದಿ ಕಣ್ಣು; ಕಾಣದೇ ಹೋದರೆ? ನಾನು ಹೇಳಿಕೊಟ್ಟು ಕಾಣಿಸಿದರೆ ಅವಳ ಕೋಪ ನಿಜವಾಗಿ ಹೋಗುತ್ತದೆಯೇ?

“ಇನ್ನೂ ನೋಡಿ. ಕಾಜಾ ಹೊಲಿಯೋವಾಗ ನೋಡ್ತಿದ್ರಲ್ಲ, ಹಾಗೆ.”

ಅದು ಅವಳಿಗೆ ಅರ್ಥವಾಯಿತು. ಬೆರಳು ತಾನಾಗಿ ಎಳೆ ಹುಡುಕಿತು. ಬೆನ್ನು ಬಾಗಿತು, ಉಸಿರು ನಿಧಾನವಾಯಿತು. ಕೆಳಗೆ ಚಕ್ರ ಟಿಕಟಿಕ ಎಂದು ತಿರುಗಿ ನಿಂತಿತು. ಮತ್ತೊಂದು ಚಕ್ರ ತಿರುಗಿ ನಿಂತಿತು. ಬಟ್ಟೆಯ ಕೆಂಪು ಛಾಯೆ ಅವಳ ಗಲ್ಲಕ್ಕೆ ಹತ್ತಿ, ಕೆನ್ನೆಯಲ್ಲಿ ಗುಲಾಬಿ ಬಣ್ಣ ಮೂಡಿತ್ತು. ಆಮೇಲೆ ನಾನು ಹೇಳದೆಯೇ ತಲೆ ಎತ್ತಿದಳು.

ಬೆರಳು ನಿಂತುಹೋಯಿತು.

“ಹಸಿರು” ಎಂದಳು. ಆಮೇಲೆ ನನ್ನ ಕಡೆ ಅಲ್ಲ, ಪಕ್ಕದ ಖಾಲಿ ಜಾಗದ ಕಡೆ ತಿರುಗಿ, “ಹಸಿರು ಕಣಮ್ಮಾ” ಎಂದಳು.

ಉಳಿದದ್ದನ್ನು ನಾನು ಹೇಳಿದೆ. ತೊಟ್ಟಿ, ಬೂದು ಬಟ್ಟೆ, ಬಿಳಿ ಅಂಗಿ.

“ಹಾಗಾದ್ರೆ ಆ ಮಾಲಿ...”

“ಅಲ್ಲ ಅಮ್ಮಾ. ಅವನಲ್ಲ ಅನ್ಸುತ್ತೆ.”

“ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಒಬ್ಬಳೇ ಇಲ್ಲಿ ಕೂತಿದ್ಲು.” ಅಳು ಒತ್ತರಿಸಿ ಬಂತು. “ಒಂದು ಸಲ ಪಕ್ಕದಲ್ಲಿ ಕೂತಿದ್ರೆ ಸಾಕಿತ್ತಲ್ಲಪ್ಪಾ. ಒಂದೇ ಒಂದು ಸಲ.”

ನನಗೂ ಕಣ್ಣು ತುಂಬಿತು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಸೊಸೆ ಹಾಲಿನ ಪಾತ್ರೆ ಹಿಡಿದು ಬಂದು ಅತ್ತೆಯ ಮುಖ ನೋಡಿ, “ಟೀ ಮಾತ್ರ ಕುಡೀರಿ ಅಂದಿದ್ದೆ ತಾನೆ!” ಎಂದು ನನ್ನ ಮೇಲೆ ಹರಿಹಾಯ್ದಳು.

ಕಾಜಾ ಅಮ್ಮ ಕಣ್ಣೊರೆಸಿಕೊಂಡಳು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಚಾಪೆಯ ಮೇಲೆ ಸರಿದು ಜಾಗ ಮಾಡಿ, ಕೆಂಪು ಬಟ್ಟೆಯ ಒಂದು ತುದಿಯನ್ನು ಆ ಕಡೆ ಹರಡಿದಳು.

“ಹಾಲು ಅಲ್ಲಿಡು. ಬಾ, ನನ್ನ ಪಕ್ಕ ಕೂತು ಈ ಬಟ್ಟೆ ನೋಡು.”

“ಯಾಕತ್ತೆ?”

“ಹೇಳಲ್ಲ” ಎಂದಳು ಕಾಜಾ ಅಮ್ಮ. “ಹೇಳಿಕೊಟ್ರೆ ಕೆಟ್ಟೋಗುತ್ತೆ.”